ನಗರದಲ್ಲಿ ಮನೆ

ಬೆಂಗಳೂರಿನ ಯಾವ ಬಡಾವಣೆಯ ಬೀದಿಯಲ್ಲಿ ನಡೆದುಹೋದರೂ ಒಂದೆರಡು ಗೇಟುಗಳ ಮೇಲಾದರೂ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿ ಒಳಹೊಕ್ಕವರು ಸಾಮಾನ್ಯವಾಗಿ ಕೇಳುವುದು ಮೂರೇ ಪ್ರಶ್ನೆ: ಕೋಣೆಗಳೆಷ್ಟು, ಬಾಡಿಗೆ ಎಷ್ಟು, ಮುಂಗಡ ಎಷ್ಟು. ಈ ಮೂರೂ ಕೇಳತಕ್ಕ ಪ್ರಶ್ನೆಗಳೇ. ಆದರೆ ಇವುಗಳಿಗೆ ಉತ್ತರ ದೊರೆತ ಮಾತ್ರಕ್ಕೆ ತಾನು ಪಡೆಯುತ್ತಿರುವುದು ಏನೆಂಬುದು ಕೇಳಿದವನಿಗೆ ತಿಳಿದಂತಾಗಲಿಲ್ಲ. ಮನೆ ನಿಂತ ನೆಲ ಯಾರದು, ಗೋಡೆಯ ಆಚೆ ಯಾರಿದ್ದಾರೆ, ನೀರು ಎಲ್ಲಿಂದ ಬರುತ್ತದೆ, ಮೆಟ್ಟಿಲು ಯಾರ ಪಾಲಿನದು, ಕೊಟ್ಟ ಹಣ ಹಿಂದಿರುಗುವ ಬಗೆ ಹೇಗೆ ಎಂಬ ಪ್ರಶ್ನೆಗಳ ಉತ್ತರದ ಮೇಲೆ ಆ ಸಂಸಾರದ ಮುಂದಿನ ಹಲವು ವರ್ಷಗಳ ನೆಮ್ಮದಿ ನಿಂತಿರುತ್ತದೆ.

ಹಳ್ಳಿಯಲ್ಲಿ ಹುಟ್ಟಿದವನಿಗೆ ಮನೆಯನ್ನು ಆರಿಸುವ ಕಷ್ಟ ಬಹುಮಟ್ಟಿಗೆ ಇರಲಿಲ್ಲ. ಅಜ್ಜ ಕಟ್ಟಿದ ಮನೆಯಲ್ಲಿ ಅಪ್ಪ ಬಾಳಿದ. ಅದೇ ಮನೆಯ ಜಗುಲಿಯ ಮೇಲೆ ಮೊಮ್ಮಗ ಆಡಿ ಬೆಳೆದ. ಮನೆ ಸಾಲದಾದಾಗ ಹಿತ್ತಲ ಕಡೆಗೆ ಇನ್ನೊಂದು ಅಂಕಣ ಇಳಿಸಿದರು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ‘ಮನೆ ಹುಡುಕಿ ನೋಡು’ ಎಂದು ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ನಗರಕ್ಕೆ ಬಂದವನಾದರೋ ಹತ್ತಾರು ಬಗೆಯ ಮನೆಗಳಲ್ಲಿ ಒಂದನ್ನು ಆರಿಸಬೇಕು. ಆ ಒಂದೊಂದು ಬಗೆಯೂ ಒಂದೊಂದು ಕಾಲದಲ್ಲಿ, ಒಂದೊಂದು ಕಾರಣಕ್ಕಾಗಿ ಹುಟ್ಟಿದ್ದು. ಕಾರಣವನ್ನು ಅರಿತರೆ ಮನೆಯ ಗುಣವೂ ದೋಷವೂ ತಾನಾಗಿ ತಿಳಿಯುತ್ತವೆ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರು ವ್ಯಾಪಾರದ ಊರು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಅಲ್ಲಿನ ಜನರ ಕಸುಬನ್ನು ಸಾರುತ್ತವೆ. ಅಲ್ಲಿನ ಮನೆಯ ಮುಂಭಾಗ ಅಂಗಡಿ, ಹಿಂಭಾಗ ಸಂಸಾರ. ಬೀದಿಗೆ ತಾಗಿದ ಜಾಗಕ್ಕೆ ಬೆಲೆ ಹೆಚ್ಚಾದುದರಿಂದ ಮನೆಯ ಅಗಲ ಕಡಿಮೆ, ಉದ್ದ ಹೆಚ್ಚು. ಎರಡು ಪಕ್ಕದಲ್ಲಿಯೂ ನೆರೆಯವರ ಗೋಡೆ ಅಂಟಿಕೊಂಡಿರುವಾಗ ಬೆಳಕು ಬರುವುದಾದರೂ ಎಲ್ಲಿಂದ? ನೆತ್ತಿಯಿಂದಲೇ ಬರಬೇಕು. ಅನುಕೂಲವುಳ್ಳವರು ನಡುವೆ ತೊಟ್ಟಿ ಬಿಟ್ಟು ಸುತ್ತಲೂ ಪಡಸಾಲೆ, ಕೋಣೆಗಳನ್ನು ಕಟ್ಟಿದರು. ಮಳೆಯೂ ಬಿಸಿಲೂ ಮನೆಯ ಒಡಲಿಗೇ ಬಂದು ಬೀಳುತ್ತಿದ್ದವು. ಮದ್ರಾಸ್ ತಾರಸಿ ಎಂದು ಕರೆಯಲ್ಪಡುವ ಚಾವಣಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆ ಹಾಕಿ ಮಾಡಿದ ಚಾವಣಿ, ಬೇಸಿಗೆಯಲ್ಲಿ ಒಳಗನ್ನು ತಂಪಾಗಿ ಇಡುತ್ತಿತ್ತು. ಇಂದಿಗೂ ಪೇಟೆಯ ಓಣಿಗಳಲ್ಲಿ ಅಂಥ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅವನ್ನು ಬಾಡಿಗೆಗೆ ಹಿಡಿಯುವವರು ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಮೊದಲು ನೋಡಬೇಕು. ತೊಟ್ಟಿಯ ಅಂದಕ್ಕೆ ಮರುಳಾಗುವುದು ಆಮೇಲಾಗಲಿ.

1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿದಾಗ ಊರಿನ ಪೂರ್ವಕ್ಕೆ ಬೇರೊಂದು ಬಗೆಯ ಮನೆ ಎದ್ದಿತು. ಅದು ಬಂಗಲೆ. ಹೆಸರು ಬಂಗಾಳದಿಂದ ಬಂದುದು. ಪೇಟೆಯ ಮನೆಗೆ ನಡುವಿನಲ್ಲಿ ಬಯಲು. ಬಂಗಲೆಗೆ ಸುತ್ತಲೂ ಬಯಲು. ವಿಶಾಲವಾದ ತೋಟದ ಮಧ್ಯದಲ್ಲಿ ಒಂಟಿಯಾಗಿ ನಿಂತು, ಮುಂದೆ ವೆರಾಂಡವನ್ನು ಹೊಂದಿ, ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪಾದ ಮುಂಚಾಚನ್ನು ಧರಿಸಿದ ಈ ಮನೆಗಳನ್ನು ಜನ ‘ಮಂಕಿ ಟಾಪ್’ ಬಂಗಲೆಗಳೆಂದು ಕರೆದರು. ಮುಖ್ಯಮನೆಯಿಂದ ದೂರದಲ್ಲಿ ಆಳುಗಳಿಗಾಗಿ ಕಟ್ಟಿದ ಸಣ್ಣ ಮನೆ ‘ಔಟ್‌ಹೌಸ್’. ಬಂಗಲೆಗಳಲ್ಲಿ ಬಹುಪಾಲು ಉರುಳಿ ಅವುಗಳ ನೆಲದ ಮೇಲೆ ಬಹುಮಹಡಿಗಳು ಎದ್ದಿವೆ. ಔಟ್‌ಹೌಸ್ ಎಂಬ ಪದ ಮಾತ್ರ ಬಾಡಿಗೆಯ ಹಲಗೆಗಳ ಮೇಲೆ ಇಂದಿಗೂ ಜೀವ ಹಿಡಿದುಕೊಂಡಿದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ತಗುಲಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸತ್ತರು. ಉಳಿದವರು ಊರು ಬಿಟ್ಟರು. ಗಾಳಿ ಬೆಳಕು ಇಲ್ಲದ ಮನೆ ಪ್ರಾಣಕ್ಕೆ ಎರವಾಗುತ್ತದೆಂಬುದನ್ನು ನಗರ ಆಗ ಕಲಿಯಿತು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೇರವಾದ ರಸ್ತೆಗಳು, ಅಳತೆಗೊಳಿಸಿದ ನಿವೇಶನಗಳು, ಮನೆಗಳ ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿಗಳು ಬಂದುದು ಈ ಪಾಠದ ಫಲವಾಗಿ. ಪಾಯಿಖಾನೆಯ ಹೊಲಸನ್ನು ಮನೆಯೊಳಗೆ ಬಾರದೆ ಹಿಂದಿನಿಂದಲೇ ಸಾಗಿಸಲೆಂದು ಆ ಓಣಿಗಳನ್ನು ಬಿಟ್ಟಿದ್ದರು. ಹೊಲಸನ್ನು ತಲೆಯ ಮೇಲೆ ಹೊತ್ತು ಸಾಗಿಸಿದವರು ರಾತ್ರಿ ಮಲಗುತ್ತಿದ್ದ ಮನೆಗಳು ಎಲ್ಲಿದ್ದವೆಂಬುದನ್ನು ಬಡಾವಣೆಯ ನಕ್ಷೆ ಹೇಳುವುದಿಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ.

ಇನ್ನು ವಠಾರ. ಕೆಲಸ ಅರಸಿ ನಗರಕ್ಕೆ ಬಂದ ಗುಮಾಸ್ತ, ಉಪಾಧ್ಯಾಯ, ಗಿರಣಿಯ ಕಾರ್ಮಿಕ ಮುಂತಾದವರ ಪಾಲಿಗೆ ಬೆಂಗಳೂರು ಎಂದರೆ ಮೊದಲು ವಠಾರವೇ. ಮುಂಭಾಗದಲ್ಲಿ ಮಾಲೀಕರ ಮನೆ. ಅದರ ಪಕ್ಕದಲ್ಲಿ ಸೈಕಲ್ ಹೋಗುವಷ್ಟು ಅಗಲದ ಹಾದಿ. ಹಾದಿಯ ಒಂದು ಅಥವಾ ಎರಡು ಬದಿಯಲ್ಲಿ ಸಾಲಾಗಿ ಆರೋ ಎಂಟೋ ಮನೆಗಳು. ಒಂದೊಂದಕ್ಕೂ ಒಂದು ನಡುಮನೆ, ಒಂದು ಅಡಿಗೆಮನೆ. ಚಾವಣಿಗೆ ಮಂಗಳೂರು ಹೆಂಚು. ಬಚ್ಚಲು, ಪಾಯಿಖಾನೆಗಳು ಕೊನೆಯಲ್ಲಿ, ಎಲ್ಲರಿಗೂ ಸೇರಿದಂತೆ. ನಲ್ಲಿ ಒಂದೇ. ಬೆಳಗಿನ ಜಾವಕ್ಕೆ ಎದ್ದು ಕೊಡಗಳನ್ನು ಸಾಲಿನಲ್ಲಿ ಇಟ್ಟು ಹೋಗುವುದು, ‘ಏನಮ್ಮಾ, ನಿಮ್ಮ ಸರದಿ ಆಯಿತೇ?’ ಎಂದು ವಿಚಾರಿಸುವುದು, ಎರಡು ಕೊಡ ಹೆಚ್ಚಿಗೆ ಹಿಡಿದವರ ಮೇಲೆ ಸಣ್ಣದೊಂದು ಜಗಳ, ಇವು ಅಲ್ಲಿನ ನಿತ್ಯವಿಧಿಗಳು.

ವಠಾರವನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುವವರಿದ್ದಾರೆ. ಒಬ್ಬರ ಮನೆಯ ಹಬ್ಬ ಎಲ್ಲರ ಹಬ್ಬವಾಗುತ್ತಿತ್ತು. ಹೆರಿಗೆಗೆ ಹೋದವಳ ಮಕ್ಕಳಿಗೆ ಪಕ್ಕದ ಮನೆಯ ಅತ್ತೆ ತುತ್ತು ಹಾಕುತ್ತಿದ್ದಳು. ಹಾಲಿನ ಪಾತ್ರೆ ಬಾಗಿಲಲ್ಲಿಟ್ಟು ಹೋದರೆ ಯಾರೋ ಒಬ್ಬರು ಹಾಲು ಹಾಕಿಸಿಕೊಂಡು ಒಳಗಿಡುತ್ತಿದ್ದರು. ಇವೆಲ್ಲ ನಿಜ. ಆದರೆ ಗೋಡೆಯಾಚೆಯ ಪಿಸುಮಾತು ಈಚೆಗೆ ಕೇಳುತ್ತಿದ್ದುದೂ ನಿಜ. ಪರೀಕ್ಷೆಗೆ ಓದುವ ಹುಡುಗ ಬೀದಿದೀಪದ ಕೆಳಗೆ ಕುಳಿತುಕೊಳ್ಳಬೇಕಾದುದೂ ನಿಜ. ಹೆಂಗಸರು ರಾತ್ರಿ ಹೊತ್ತು ಕತ್ತಲೆಯ ಹಾದಿಯ ತುದಿಯವರೆಗೆ ನಡೆಯಲು ಅಂಜುತ್ತಿದ್ದುದೂ ನಿಜ. ಅನೇಕ ವಠಾರಗಳಲ್ಲಿ ಬಾಡಿಗೆಯ ಮಾತಿಗೆ ಮೊದಲು ‘ನೀವು ಯಾವ ಜನ?’ ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆ ವಠಾರದೊಂದಿಗೇ ಹೋಯಿತೆಂದು ಭಾವಿಸಬೇಕಾಗಿಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಭ್ಯವಾದ ಮಾತಿನ ಮುಸುಕು ಹಾಕಿಕೊಂಡು ಅದು ಹೊಸ ಕಟ್ಟಡಗಳ ಬಾಗಿಲಲ್ಲಿಯೂ ನಿಂತಿದೆ. ಹಣವಿದ್ದರೂ ಮನೆ ಸಿಗದೆ ಹಿಂದಿರುಗಿದವರ ನೋವನ್ನು ಬಾಡಿಗೆಯ ಲೆಕ್ಕದಲ್ಲಿ ಅಳೆಯಲಾಗುವುದಿಲ್ಲ.

1945ರಲ್ಲಿ ನಗರಾಭಿವೃದ್ಧಿಗಾಗಿ ಒಂದು ಟ್ರಸ್ಟ್ ಮಂಡಳಿ ಸ್ಥಾಪಿತವಾಯಿತು. 1976ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಇವು ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ಬಡಾವಣೆ ರಚಿಸಿ, ನಿವೇಶನಗಳನ್ನು ಹಂಚಿದವು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನ, ಅಂದರೆ 1,200 ಚದರ ಅಡಿ, ಮಧ್ಯಮವರ್ಗದವರ ಬಾಳಿನ ಗುರಿಯೇ ಆಯಿತು. ನಮ್ಮಲ್ಲಿ ಮನೆಯನ್ನು ‘ಚದರ’ದ ಲೆಕ್ಕದಲ್ಲಿ ಹೇಳುವುದುಂಟು. ನೂರು ಚದರ ಅಡಿಗೆ ಒಂದು ಚದರ. ‘ಹತ್ತು ಚದರದ ಮನೆ’ ಎಂದರೆ ಸಾವಿರ ಚದರ ಅಡಿಯ ಕಟ್ಟಡವೆಂದು ತಿಳಿಯಬೇಕು. ಇಂಥ ಮನೆಯನ್ನು ಈಗ ಸ್ವತಂತ್ರ ಮನೆ ಎನ್ನುತ್ತಾರೆ. ಇದರಲ್ಲಿ ನೆಲವೂ ಗೋಡೆಯೂ ಒಬ್ಬನದೇ. ಮಗನಿಗೆ ಮದುವೆಯಾದರೆ ಮೇಲೊಂದು ಅಂತಸ್ತು ಏರಿಸಬಹುದು. ನಿವೃತ್ತಿಯಾದ ಮೇಲೆ ಅದನ್ನೇ ಬಾಡಿಗೆಗೆ ಕೊಡಬಹುದು. ಆದರೆ ನಿಯಮದಂತೆ ಸುತ್ತಲೂ ಬಿಡಬೇಕಾದ ಜಾಗವನ್ನು ಬಿಡದೆ ಎಲ್ಲರೂ ಅಂಚಿನವರೆಗೆ ಕಟ್ಟಿದರೆ ಸ್ವತಂತ್ರ ಮನೆಯ ಕಿಟಕಿ ನೆರೆಯವನ ಗೋಡೆಗೇ ತೆರೆದುಕೊಳ್ಳುತ್ತದೆ. ಹಗಲಿನಲ್ಲಿಯೂ ದೀಪ ಹಚ್ಚುವ ಮನೆಗಳು ಹೊಸ ಬಡಾವಣೆಗಳಲ್ಲಿ ಕಡಿಮೆಯಿಲ್ಲ. ಪ್ಲೇಗ್ ಕಲಿಸಿದ ಪಾಠವನ್ನು ನಾವು ಅಷ್ಟು ಬೇಗ ಮರೆತೆವು.

ನೆಲದ ಬೆಲೆ ಏರಿದಂತೆ ಮನೆಗಳು ಒಂದರ ಮೇಲೊಂದು ಕುಳಿತವು. ಫ್ಲ್ಯಾಟು ಅಥವಾ ಅಪಾರ್ಟ್‌ಮೆಂಟ್ ಎಂಬುದರಲ್ಲಿ ಕೊಳ್ಳುವವನಿಗೆ ಬರುವುದು ಏನೆಂಬುದು ಅನೇಕರಿಗೆ ಸ್ಪಷ್ಟವಿಲ್ಲ. ಕರ್ನಾಟಕದಲ್ಲಿ ಇದಕ್ಕಾಗಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಇದೆ. ಗೋಡೆಗಳ ಒಳಗಿನ ಮನೆ ಅವನೊಬ್ಬನದು. ನೆಲ, ಮೆಟ್ಟಿಲು, ತಾರಸಿ, ನೀರಿನ ತೊಟ್ಟಿ ಎಲ್ಲರದು. ಉದಾಹರಣೆಗೆ 12,000 ಚದರ ಅಡಿಯ ನೆಲದ ಮೇಲೆ ಸಮನಾದ ಇಪ್ಪತ್ತು ಮನೆಗಳಿದ್ದರೆ ಒಬ್ಬೊಬ್ಬರಿಗೆ 600 ಚದರ ಅಡಿಯ ಅವಿಭಜಿತ ಪಾಲು ಬರುತ್ತದೆ. ‘ಅವಿಭಜಿತ’ ಎಂಬ ಮಾತನ್ನು ಗಮನಿಸಬೇಕು. ಆ 600 ಅಡಿ ಇಂಥ ಕಡೆ ಇದೆಯೆಂದು ಬೇಲಿ ಹಾಕಲು ಬರುವುದಿಲ್ಲ. ಕಟ್ಟಡ ಮುಪ್ಪಾಗಿ ಕೆಡವುವ ದಿನ ಬಂದಾಗ ಕೈಯಲ್ಲಿ ಉಳಿಯುವುದು ಆ ಪಾಲೇ. ಆದಕಾರಣ ಅದು ಎಷ್ಟೆಂದು ಕ್ರಯಪತ್ರದಲ್ಲಿ ಓದಿಕೊಳ್ಳದೆ ಸಹಿ ಹಾಕುವುದು ಅವಿವೇಕ.

ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಮಾರುವವರು ‘1,200 ಅಡಿಯ ಮನೆ’ ಎಂದಾಗ ಮೆಟ್ಟಿಲು, ಲಿಫ್ಟು, ಓಡಾಡುವ ಹಾದಿಗಳ ಪಾಲನ್ನೂ ಅದರಲ್ಲಿ ಸೇರಿಸಿ ‘ಸೂಪರ್ ಬಿಲ್ಟ್‌ಅಪ್’ ಎಂದು ಹೇಳುವ ರೂಢಿಯಿದೆ. ಆ ಪಾಲು ನಾಲ್ಕರಲ್ಲಿ ಒಂದಾದರೆ ಮನೆಯ ಪಾಲಿಗೆ ಉಳಿದುದು 900 ಅಡಿ. ಹೊರಗೋಡೆಯ ದಪ್ಪವನ್ನೂ ಬಾಲ್ಕನಿಯನ್ನೂ ಕಳೆದರೆ ಕಾಲಿಡುವ ನೆಲ ಇನ್ನೂ ಕಡಿಮೆ. ರೇರಾ ಎಂದು ಪ್ರಸಿದ್ಧವಾದ 2016ರ ಕೇಂದ್ರ ಕಾಯಿದೆ ಈ ಗೊಂದಲವನ್ನು ಬಿಡಿಸಲು ‘ಕಾರ್ಪೆಟ್ ವಿಸ್ತೀರ್ಣ’ವನ್ನು ಸ್ಪಷ್ಟವಾಗಿ ವಿವರಿಸಿದೆ. ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳು ಸೇರುವುದಿಲ್ಲ. ಐನೂರು ಚದರ ಮೀಟರಿಗಿಂತ ಹೆಚ್ಚಿನ ನೆಲದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿ ಮಾರುವವರು ತಮ್ಮ ಯೋಜನೆಯನ್ನು ನೋಂದಾಯಿಸಿಕೊಳ್ಳಬೇಕೆಂದೂ ಅದು ವಿಧಿಸುತ್ತದೆ.

ನೀರಿನ ಮಾತು ಬೇರೆಯೇ ಇದೆ. 1974ರಲ್ಲಿ ಕಾವೇರಿ ಮೊದಲ ಬಾರಿಗೆ ಬೆಂಗಳೂರನ್ನು ತಲುಪಿದಳು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಯಂತ್ರಗಳು ಆ ನೀರನ್ನು ಎತ್ತಿ ತರುತ್ತವೆ. ಊರಂಚಿನ ಎಷ್ಟೋ ಬಡಾವಣೆಗಳು ಕಾವೇರಿಗೆ ಮುಂಚೆಯೇ ಹುಟ್ಟಿ ಕೊಳವೆಬಾವಿಯನ್ನೇ ನೆಚ್ಚಿಕೊಂಡವು. 2024ರ ಬೇಸಿಗೆಯಲ್ಲಿ ಆ ಬಾವಿಗಳು ಬತ್ತಿದಾಗ ಭವ್ಯವಾದ ಕಟ್ಟಡಗಳಲ್ಲಿಯೂ ‘ಬೆಳಿಗ್ಗೆ ಇಷ್ಟು ಹೊತ್ತು, ಸಂಜೆ ಇಷ್ಟು ಹೊತ್ತು ಮಾತ್ರ ನೀರು’ ಎಂಬ ಪ್ರಕಟಣೆ ಲಿಫ್ಟಿನ ಪಕ್ಕದಲ್ಲಿ ಅಂಟಿಸಲ್ಪಟ್ಟಿತು. ಹತ್ತನೆಯ ಮಹಡಿಯವರೂ ಬಕೆಟ್ಟುಗಳನ್ನು ತುಂಬಿಟ್ಟುಕೊಂಡರು. ತಿಂಗಳ ನಿರ್ವಹಣಾ ಶುಲ್ಕದಲ್ಲಿ ಟ್ಯಾಂಕರಿನ ಖರ್ಚು ಸೇರಿ, ಬಾಡಿಗೆಗಿದ್ದವರು ಅದು ಮಾಲೀಕರ ಹೊಣೆಯೆಂದೂ ಮಾಲೀಕರು ಅದು ಬಾಡಿಗೆದಾರರ ಹೊಣೆಯೆಂದೂ ವಾದಿಸಿದರು. ಕರಾರು ಬರೆಯುವಾಗಲೇ ಈ ಒಂದು ಸಾಲನ್ನು ಸೇರಿಸಿದ್ದರೆ ವಾದಕ್ಕೆ ಎಡೆಯಿರುತ್ತಿರಲಿಲ್ಲ.

ಮನೆಯನ್ನಾಗಲಿ ನಿವೇಶನವನ್ನಾಗಲಿ ಕೊಳ್ಳುವವರು ಮೋಸಹೋಗುವುದು ಹೆಚ್ಚಾಗಿ ಕಾಗದಪತ್ರಗಳಲ್ಲಿ. ವ್ಯವಸಾಯದ ಭೂಮಿಯನ್ನು ಕಾನೂನುಬದ್ಧವಾಗಿ ಪರಿವರ್ತಿಸದೆ ತುಂಡುಮಾಡಿ ಮಾರಿದ ‘ರೆವೆನ್ಯೂ ನಿವೇಶನ’ಗಳು ಅಗ್ಗವಾಗಿ ಸಿಗುತ್ತವೆ. ಅಗ್ಗವಾಗಿರುವುದಕ್ಕೆ ಕಾರಣವಿದೆ. ಖಾತೆ ತನ್ನ ಹೆಸರಿಗೆ ಬಂದೊಡನೆ ಮನೆ ತನ್ನದಾಯಿತೆಂದು ನಂಬುವವರು ಬಹಳ ಮಂದಿ. ಖಾತೆಯೆಂಬುದು ಕಂದಾಯ ಕಟ್ಟುವವರು ಯಾರೆಂಬುದರ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಒಡೆತನವನ್ನು ಮೂಲಪತ್ರದಿಂದ ಹಿಡಿದು ಇಂದಿನ ಕ್ರಯಪತ್ರದವರೆಗೆ ಕೊಂಡಿ ತಪ್ಪದಂತೆ ನೋಡಬೇಕು. ಸಬ್ ರಿಜಿಸ್ಟ್ರಾರರ ಕಛೇರಿಯಿಂದ ಋಣಭಾರ ಪ್ರಮಾಣಪತ್ರವನ್ನು ತೆಗೆಸಬೇಕು. ನೋಂದಣಿಯಾಗದ ವ್ಯವಹಾರಗಳು ಅದರಲ್ಲಿಯೂ ಕಾಣುವುದಿಲ್ಲವೆಂಬುದನ್ನು ಮರೆಯಬಾರದು.

ಬಾಡಿಗೆಯಲ್ಲಿ ನಾವು ಕೊಳ್ಳುವುದು ಮನೆಯನ್ನಲ್ಲ, ಕಾಲವನ್ನು. ಆ ಕಾಲ ಸಾಮಾನ್ಯವಾಗಿ ಹನ್ನೊಂದು ತಿಂಗಳು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದ, ಆ ಖರ್ಚನ್ನು ತಪ್ಪಿಸಲು ಈ ಹನ್ನೊಂದರ ಲೆಕ್ಕ ರೂಢಿಗೆ ಬಂದಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬಹುಕಾಲದಿಂದ ಬೇರೂರಿದೆ. 15,000 ರೂಪಾಯಿ ಬಾಡಿಗೆಯ ಮನೆಗೆ ಒಂದೂವರೆ ಲಕ್ಷವನ್ನು ಒಟ್ಟಿಗೆ ಹೊಂದಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಹೇಳಿದೆ. ಅದಾದರೋ ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಬಿಟ್ಟುಹೋಗುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವುದೂ ಉಂಟು. ಗೋಡೆಗೆ ಬಣ್ಣ ಬಳಿಯದೆಯೇ ಆ ಹಣ ಹಿಡಿಯುವವರೂ ಉಂಟು.

ಇನ್ನೊಂದು ಪದ್ಧತಿ ಭೋಗ್ಯ. ದೊಡ್ಡದೊಂದು ಮೊತ್ತವನ್ನು ಒಮ್ಮೆಗೇ ಕೊಟ್ಟು ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯುವುದು ಅದರ ಕ್ರಮ. ತಿಂಗಳ ಬಾಡಿಗೆಯ ಕಾಟವಿಲ್ಲವೆಂದು ಕಡಿಮೆ ವರಮಾನದವರಿಗೆ ಇದು ಬಹು ಪ್ರಿಯ. ನನಗೆ ಪರಿಚಿತವಾದ ಒಂದು ಸಂಸಾರ ಊರಿನಲ್ಲಿದ್ದ ಎರಡು ಎಕರೆ ಹೊಲವನ್ನು ಮಾರಿ ಎಂಟು ಲಕ್ಷ ರೂಪಾಯಿಗೆ ಇಂಥದೊಂದು ಮನೆಯನ್ನು ಹಿಡಿದಿತ್ತು. ಗಂಡ ಉಡುಪಿನ ಕಾರ್ಖಾನೆಯಲ್ಲಿ ಕೆಲಸಗಾರ; ಮಗಳು ಹತ್ತನೆಯ ತರಗತಿಯಲ್ಲಿ. ಛಾಪಾಕಾಗದದ ಮೇಲೆ ಬರೆದ ಕರಾರು ಇತ್ತು, ನೋಂದಣಿ ಇರಲಿಲ್ಲ. ಎರಡನೆಯ ವರ್ಷ ಒಂದು ಬೆಳಿಗ್ಗೆ ಗೇಟಿನ ಮೇಲೆ ಬ್ಯಾಂಕಿನ ನೋಟೀಸು ಅಂಟಿತ್ತು. ಮಾಲೀಕ ಆ ಮನೆಯನ್ನು ಮೊದಲೇ ಅಡವಿಟ್ಟು ಸಾಲ ಪಡೆದು ಕಂತು ಕಟ್ಟದೆ ಬಿಟ್ಟಿದ್ದ. ಅಡಮಾನ ಮೊದಲಿನದಾದುದರಿಂದ ಬ್ಯಾಂಕಿನ ಹಕ್ಕೇ ಮುಂದಾಯಿತು. ‘ಅಣ್ಣಾ, ಅವರು ದೇವರ ಮೇಲೆ ಆಣೆಯಿಟ್ಟು ಹೇಳಿದ್ದರು’ ಎಂದು ಆ ಗೃಹಸ್ಥ ನನ್ನೆದುರು ಅತ್ತಾಗ ನನಗೆ ಉತ್ತರ ತೋಚಲಿಲ್ಲ. ಎಂಟರಲ್ಲಿ ಎರಡು ಲಕ್ಷ ಬಹಳ ಅಲೆದಾಟದ ಮೇಲೆ ಬಂದಿತು. ಹೊಲ ಬರಲಿಲ್ಲ. ಮಗಳ ಪರೀಕ್ಷೆ ಮುಗಿಯುವವರೆಗೆ ತಾಯಿ ಮಗಳಿಬ್ಬರೂ ಬಂಧುಗಳ ಮನೆಯ ಹಜಾರದಲ್ಲಿ ಮಲಗಿದರು.

ಆಮೇಲೆ ಮನೆ ಹುಡುಕಲು ಹೊರಟವಳು ಆಕೆಯೇ. ಕಾಮಾಕ್ಷಿಪಾಳ್ಯದ ಕಡೆ ಒಂದು ಮಹಡಿಯ ಮೇಲೆ ಎರಡು ಕೋಣೆಯ ಮನೆ ನೋಡಿದಳು. ಬೆಳಿಗ್ಗೆ ಆರಕ್ಕೆ ಹೋಗಿ ನಲ್ಲಿ ತಿರುಗಿಸಿದಳು. ಮಧ್ಯಾಹ್ನ ಹೋಗಿ ಅಡಿಗೆಮನೆಯಲ್ಲಿ ದೀಪವಿಲ್ಲದೆ ಅಕ್ಕಿ ಆರಿಸಲು ಬರುವುದೇ ಎಂದು ನೋಡಿದಳು. ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ಮಗಳೊಡನೆ ಬೀದಿಯ ತುದಿಯಿಂದ ಮನೆಯವರೆಗೆ ನಡೆದಳು. ಮಾಲೀಕರನ್ನು ಕಾಣುವುದಕ್ಕೆ ಮುಂಚೆ ಕೆಳಗಿನ ಬಾಡಿಗೆದಾರರನ್ನು ಕಂಡು, ಹಿಂದೆ ಇದ್ದವರಿಗೆ ಮುಂಗಡ ಎಷ್ಟು ದಿನಕ್ಕೆ ಹಿಂದಿರುಗಿತೆಂದು ಕೇಳಿದಳು. ಋಣಭಾರ ಪತ್ರ ತೋರಿಸಿರೆಂದು ಆಕೆ ಕೇಳಿದಾಗ ಮಾಲೀಕರು ಮೊದಲು ಸಿಟ್ಟಾದರು. ‘ಬಾಡಿಗೆಗೆ ಬರುವವರು ಇದನ್ನೆಲ್ಲ ಕೇಳುತ್ತಾರೇನಮ್ಮಾ?’ ಎಂದರು. ಆಕೆ ಮಾತನಾಡದೆ ಕಾದಳು. ಒಳಗೆ ಹೋದವರು ಸ್ವಲ್ಪ ಹೊತ್ತಿನ ಮೇಲೆ ಕನ್ನಡಕವನ್ನೂ ಕಾಗದದ ಕಟ್ಟನ್ನೂ ಹಿಡಿದುಕೊಂಡು ಬಂದು ಜಗುಲಿಯ ಮೇಲೆ ಕುಳಿತು ಬಿಚ್ಚತೊಡಗಿದರು.